ಹಾಲಿಲ್ಲದ ಮನೆಯಲ್ಲಿ ಬಾಣಂತನ

ಬಿಳಿಕೆರೆ

ಜರ್ಮನಿಗೆ ಹೋಗಿ ಬಂದ ಮೇಲೆ ನನ್ನನ್ನು ಕಂಡವರೆಲ್ಲ ಅಲ್ಲಿ ಏನೇನು ನೋಡಿದಿರಿ ಎಂದು ಕೇಳುತ್ತಾರೆ. ನಾನು ನೋಡಿದ್ದು ಒಂದು ಅಡುಗೆಮನೆ, ಒಂದು ತೊಟ್ಟಿಲು ಮತ್ತು ಮಕ್ಕಳ ಆಸ್ಪತ್ರೆಯ ಒಂದು ಕೋಣೆ. ಕೋಟೆ, ಅರಮನೆ, ನದಿಗಳ ವರ್ಣನೆ ಬೇಕಾದವರು ಇಲ್ಲಿಗೇ ಪುಟ ಮಗುಚಬಹುದು. ಇಲ್ಲಿಂದ ಹೊತ್ತುಕೊಂಡು ಹೋದ ತಪ್ಪು ತಿಳಿವಳಿಕೆಗಳು ನನ್ನನ್ನು ಆ ಕೋಣೆಯವರೆಗೆ ಹೇಗೆ ನಡೆಸಿದವು ಎಂಬುದನ್ನಷ್ಟೇ ಬರೆಯುತ್ತೇನೆ.

ನಾನು ಕಟ್ಟೆಮಳಲವಾಡಿಯವನು. ಹುಣಸೂರಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆಮೇಲೆ ನಮ್ಮೂರ ಹಾಲಿನ ಡೇರಿಗೆ ಅಧ್ಯಕ್ಷನಾಗಿದ್ದವನು. ನನ್ನ ತಂಗಿ ಬೇಗ ತೀರಿಕೊಂಡಳು. ಅವಳ ಮಗಳು ಸುಮ ನನ್ನ ಮಕ್ಕಳ ಜೊತೆ ನಮ್ಮ ಮನೆಯಲ್ಲೇ ಬೆಳೆದು, ಮೈಸೂರಿನಲ್ಲಿ ನರ್ಸಿಂಗ್ ಓದಿ, ಜರ್ಮನಿಯ ಆಸ್ಪತ್ರೆಯೊಂದಕ್ಕೆ ಕೆಲಸಕ್ಕೆ ಹೋದಳು. ಅಲ್ಲಿಯ ಹುಡುಗ ಯೋನಾಸ್‌ನನ್ನು ಮದುವೆಯಾದಳು. ಚೊಚ್ಚಲ ಹೆರಿಗೆಯಾದಾಗ ಬಾಣಂತನ ಮಾಡಬೇಕಾದದ್ದು ತವರುಮನೆ. ಅವಳಿಗೆ ತವರೆಂದರೆ ನಾನು ಮತ್ತು ನನ್ನ ಹೆಂಡತಿ ಗೌರಮ್ಮ. ಆದಕಾರಣ ಈ ವಯಸ್ಸಿನಲ್ಲಿ ಇಬ್ಬರೂ ಪಾಸ್‌ಪೋರ್ಟ್ ಮಾಡಿಸಿದೆವು.

ಇಷ್ಟರಲ್ಲಿ ಸುಮ ವೀಗನ್ ಆಗಿದ್ದಾಳೆ ಎಂಬ ಸುದ್ದಿ ಊರಿಗೆಲ್ಲ ಹಬ್ಬಿತ್ತು. ಮಾಂಸ, ಮೊಟ್ಟೆ ಮಾತ್ರವಲ್ಲದೆ ಹಾಲು, ಮೊಸರು, ತುಪ್ಪ, ಜೇನು, ಹೀಗೆ ಪ್ರಾಣಿಯಿಂದ ಬಂದ ಯಾವುದನ್ನೂ ಬಳಸದವರಿಗೆ ಆ ಹೆಸರು. ಮೊದಲು ನಾನು ಅದನ್ನು ನಮ್ಮ ಸಸ್ಯಾಹಾರವೆಂದೇ ತಿಳಿದು, ಹಾಲು ಮೊಸರಿಗೇನೂ ಅಡ್ಡಿಯಿಲ್ಲವೆಂದು ನಾಲ್ಕು ಜನಕ್ಕೆ ಹೇಳಿಬಿಟ್ಟಿದ್ದೆ. ಆ ತಪ್ಪನ್ನು ತಿದ್ದಿದವರು ಬಿಳಿಕೆರೆಯ ಟೀ ಅಂಗಡಿಯಲ್ಲಿ ಬಸ್ಸು ಕಾಯುತ್ತಿದ್ದ ಕೃಷ್ಣೇಗೌಡರು. ಅವರು ನನ್ನ ಸಹಪಾಠಿ.

“ಏನ್ ಮೇಷ್ಟ್ರೇ, ಸೊಸೆ ಬಾಣಂತನಕ್ಕೆ ಹೊಂಟ್ರಂತೆ? ಆ ಮನೇಲಿ ಹಾಲೇ ಇಲ್ವಂತಲ್ಲ!”

“ಸಸ್ಯಾಹಾರ ಕಣಯ್ಯ. ಹಾಲು ಯಾಕಿರಲ್ಲ?”

“ನನ್ ಮಗ ಫೋನ್‌ನಾಗೆ ತೋರ್ಸ್ದ. ಹಾಲೂ ಇಲ್ಲ, ತುಪ್ಪಾನೂ ಇಲ್ಲ. ಬರೀ ಸೊಪ್ಪುಸದೆ. ನಮ್ಮನೆ ಮೇಕೆನೂ ಅದ್ನೇ ತಿನ್ನೋದು ಕಣ್ರೀ! ಡೇರಿ ಅಧ್ಯಕ್ಷರ ಮನೆ ಹೆಣ್ಮಗೀಗೇ ಹಾಲು ಬ್ಯಾಡಾಗೋಯ್ತು ನೋಡಿ.”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಯಾರ್ಯಾರು ನಕ್ಕರು ಎಂಬುದು ನನಗೆ ಈಗಲೂ ನೆನಪಿದೆ. ಬಾಣಂತಿಗೆ ಹಾಲು ತುಪ್ಪ ಬೀಳದಿದ್ದರೆ ಎದೆಯಲ್ಲಿ ಹಾಲು ಇಳಿಯುವುದಿಲ್ಲ, ಮಗು ಸೊರಗುತ್ತದೆ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ನಾನದನ್ನು ಎಂದೂ ಸಂಶಯಿಸಿದವನಲ್ಲ. ಆ ಮನೆಗೆ ತುಪ್ಪವನ್ನು ಹೊಗಿಸಿಯೇ ಬರುತ್ತೇನೆಂದು ಬಸ್ಸು ಹತ್ತುವಾಗಲೇ ನಿರ್ಧರಿಸಿದೆ.

ಫ್ರಾಂಕ್‌ಫರ್ಟ್

ವಿಮಾನದಲ್ಲಿ ನಮಗಾದ ಉಪಚಾರವನ್ನು ಕುರಿತು ನನ್ನ ಆಕ್ಷೇಪಗಳು ಹಲವಿವೆ. ಬಿಸಿನೀರು ಕೇಳಿದರೆ ಐಸ್ ಹಾಕಿ ಕೊಟ್ಟ ಹುಡುಗಿಯನ್ನು ನಾನು ಕ್ಷಮಿಸಿಲ್ಲ. ಅದಿರಲಿ, ದೊಡ್ಡ ಅವಮಾನ ಇಳಿದ ಮೇಲೆ ಕಾದಿತ್ತು.

ಗೌರಮ್ಮ ಬಾಣಂತನದ ಸಾಮಾನನ್ನು ತಿಂಗಳಿಂದ ಸಿದ್ಧಪಡಿಸಿದ್ದಳು: ರಾಗಿ ಹಿಟ್ಟು, ಹುರಿದ ಹುರುಳಿಕಾಳು, ಹುಚ್ಚೆಳ್ಳಿನ ಪುಡಿ, ಮೆಣಸು ಜೀರಿಗೆಯ ಬಾಣಂತಿ ಖಾರ, ಸಾಂಬ್ರಾಣಿ. ಇವುಗಳ ನಡುವೆ ನಮ್ಮದೇ ಕೊಟ್ಟಿಗೆಯ ಹಸುವಿನ ಬೆಣ್ಣೆಯನ್ನು ವೀಳ್ಯದೆಲೆ ಹಾಕಿ ಕಾಯಿಸಿದ ತುಪ್ಪದ ಡಬ್ಬಿ. ಜೊತೆಗೆ ವೀರನಹೊಸಹಳ್ಳಿಯ ಕಡೆಯಿಂದ ನಾನೇ ಹೋಗಿ ತಂದಿದ್ದ ಕಾಡುಜೇನಿನ ಸೀಸೆ.

ಸುಂಕದ ಕಟ್ಟೆಯ ಅಧಿಕಾರಿಣಿ ನಮ್ಮ ಸೂಟ್‌ಕೇಸನ್ನು ಬಿಚ್ಚಿಸಿದಳು. ತುಪ್ಪದ ಡಬ್ಬಿಯ ಮುಚ್ಚಳ ತೆಗೆದು ಮೂಸಿದಳು. ಹೊರಗಿನ ದೇಶಗಳಿಂದ ಹಾಲಿನ ಪದಾರ್ಥ ತರುವಂತಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ ಅದನ್ನು ಪಕ್ಕದ ತೊಟ್ಟಿಗೆ ಹಾಕಿದಳು. ಇದು ಬಾಣಂತಿಗೆ ಕಣಮ್ಮಾ ಎಂದು ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ನಗುತ್ತಲೇ ಅಡ್ಡಡ್ಡ ತಲೆಯಾಡಿಸಿದಳು. ಆ ನಗು ನನಗೆ ಬೈಗುಳಕ್ಕಿಂತ ಕಷ್ಟವಾಯಿತು. ಜೇನಿನ ಸೀಸೆಯನ್ನು ಮಾತ್ರ ತಿರುಗಿಸಿ ನೋಡಿ ಮರಳಿ ಕೊಟ್ಟಳು.

“ಡೇರಿ ನಡೆಸಿದವನ ಕೈಯಿಂದ ತುಪ್ಪ ಕಿತ್ತುಕೊಂಡ್ರಲ್ಲೇ,” ಎಂದೆ.

“ಹೋಗ್ಲಿ ಬುಡಿ. ದಂಡ ಹಾಕ್ನಿಲ್ವಲ್ಲ,” ಎಂದಳು ಗೌರಮ್ಮ. “ಜೇನಾದ್ರೂ ಉಳೀತು.”

ಸುಮಳ ಅಡುಗೆಮನೆ

ಅವರ ಊರು ಫ್ರಾಂಕ್‌ಫರ್ಟಿನಿಂದ ದಕ್ಷಿಣಕ್ಕೆ, ಕಾಡುಬೆಟ್ಟದ ಅಂಚಿಗಿದೆ. ಮನೆ ಮೂರನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲ. ವೀಗನ್ ಅಳಿಯನೆಂದರೆ ಗಾಳಿಗೆ ಬಾಗುವ ಕಡ್ಡಿಯಂತಿರುತ್ತಾನೆಂದು ನಾನು ಎಣಿಸಿದ್ದೆ. ಯೋನಾಸ್ ಮನೆಗಳಿಗೆ ಹೆಂಚು ಹೊದಿಸುವ ಕೆಲಸದವನು. ನಮ್ಮ ಎರಡೂ ಸೂಟ್‌ಕೇಸುಗಳನ್ನು ಎರಡು ಹೆಗಲಿಗೆ ಏರಿಸಿಕೊಂಡು, ನಾನು ಮೊದಲ ಮಹಡಿಯಲ್ಲಿ ಏದುಸಿರು ಬಿಡುತ್ತಿರುವಾಗ ಮೇಲಿನಿಂದ ಇಣುಕಿ, ತನಗೆ ಬರುತ್ತಿದ್ದ ಒಂದೇ ಒಂದು ಕನ್ನಡ ವಾಕ್ಯವನ್ನು ಕೂಗಿದ: “ಮಾವ, ಊಟ ಆಯ್ತಾ?”

ಬಾಗಿಲಲ್ಲಿ ಸುಮ ನಿಂತಿದ್ದಳು. ತೋಳಿನಲ್ಲಿ ಒಂದು ವಾರವೂ ತುಂಬದ ಹೆಣ್ಣುಮಗು. ತಾಯಿಯ ಕೆನ್ನೆ ತುಂಬಿಕೊಂಡಿತ್ತು, ಮಗು ಚೀಪುವ ಸದ್ದು ಹೊಸ್ತಿಲಿಗೆ ಕೇಳಿಸುತ್ತಿತ್ತು. ಹಾಲು ಇಳಿಯುವುದಿಲ್ಲವೆಂಬ ನನ್ನ ಸಿದ್ಧಾಂತ ಆ ಕ್ಷಣವೇ ಬಿದ್ದುಹೋಗಬೇಕಿತ್ತು. ಆದರೆ ನಾನು ಅದನ್ನು ಮರುದಿನಕ್ಕೆ ಮುಂದೂಡಿದೆ. ಮರುದಿನ ಅದರ ಮರುದಿನಕ್ಕೆ.

ಮೊದಲ ಕಾಫಿಗೆ ಓಟ್ಸ್ ಅರೆದು ಹಿಂಡಿದ ಬಿಳಿಯ ದ್ರವವನ್ನು ಹಾಕಿ ಕೊಟ್ಟಳು. ನಮ್ಮಲ್ಲಿ ಬಂದ ನೆಂಟರಿಗೆ ಹಾಲಿಲ್ಲದ ಕಾಫಿ ಕೊಡುವುದೆಂದರೆ ಎದ್ದು ಹೋಗಿ ಎಂದ ಹಾಗೆ. ಲೋಟವನ್ನು ಅರ್ಧಕ್ಕೆ ಇಟ್ಟೆ. ಊಟಕ್ಕೆ ಬಂದದ್ದು ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು, ಹುಚ್ಚೆಳ್ಳು ಚಟ್ನಿ. ಯೋನಾಸ್ ಮುದ್ದೆಯನ್ನು ಬ್ರೆಡ್ಡಿನಂತೆ ಅಗಿದು ಅಗಿದು ತಿಂದ. ಗೌರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕು, “ಅಗೀಬ್ಯಾಡ ಕಣಪ್ಪ, ನುಂಗು,” ಎಂದು ಕತ್ತಿನ ಮೇಲೆ ಬೆರಳಾಡಿಸಿ ತೋರಿಸಿದಳು. ಅವನು ನುಂಗಲು ಹೋಗಿ ಕಣ್ಣಲ್ಲಿ ನೀರು ತಂದುಕೊಂಡ.

“ತಮಾಷೆ ನೋಡಿ ಮಾವ,” ಎಂದಳು ಸುಮ. “ನೀವು ನಮ್ಮೂರಲ್ಲಿ ದಿನಾ ತಿನ್ನೋದ್ರಲ್ಲಿ ಮುಕ್ಕಾಲು ವೀಗನ್ನೇ. ಮುದ್ದೆ, ಉಪ್ಸಾರು, ಅವರೆಕಾಳು. ಹೊಸ್ದಾಗಿ ನಾನೇನೂ ಕಲೀಲಿಲ್ಲ. ಕಾಫಿ, ಮೊಸ್ರು, ಭಾನುವಾರದ ಕೋಳಿ, ಇಷ್ಟು ಬುಟ್ಟಿದ್ದೀನಿ.”

“ಮೂಳೆಗೆ ಬಲ ಎಲ್ಲಿಂದ ಬರ್ಬೇಕವ್ವ?”

“ರಾಗೀಲಿ, ಎಳ್ಳಲ್ಲಿ ಇಲ್ವಾ? ಬಿ ಟ್ವೆಲ್ವ್ ವಿಟಮಿನ್ ಮಾತ್ರ ಸಿಗಲ್ಲ, ಅದಕ್ಕೆ ಮಾತ್ರೆ ತಗೋತೀನಿ. ಡಾಕ್ಟ್ರು ರಕ್ತ ನೋಡ್ತಾನೇ ಇರ್ತಾರೆ.”

ನಮ್ಮ ಹುಡುಗಿಯನ್ನು ಕೆಡಿಸಿದವನು ಈ ಪರದೇಶಿಯೇ ಎಂದು ನಾನು ನಂಬಿದ್ದೆ. ಅದೂ ತಿರುಗುಮುರುಗಾಗಿತ್ತು. ಅವನು ಹಂದಿಮಾಂಸವಿಲ್ಲದೆ ತುತ್ತೆತ್ತದವನಂತೆ, ಬಿಡಿಸಿದವಳು ಇವಳು. ಯಾಕೆಂದು ಕೇಳಿದೆ. ಉತ್ತರ ನನ್ನ ಕೊಟ್ಟಿಗೆಯಿಂದಲೇ ಬಂತು.

“ನಾನು ಚಿಕ್ಕೋಳಿದ್ದಾಗ ನಮ್ಮ ಕೆಂದಿ ಹಸು ಕರು ಸತ್ತೋಯ್ತಲ್ಲ, ಗ್ಯಾಪ್ಕ ಐತಾ? ಅದ್ರ ಚರ್ಮಕ್ಕೆ ಹುಲ್ಲು ತುಂಬ್ಸಿ ಕೆಂದಿ ಮುಂದೆ ನಿಲ್ಲಿಸ್ತಿದ್ರಿ. ಅದು ನೆಕ್ತಾ ನಿಂತ್ಕೋತಿತ್ತು, ನೀವು ಕರ್ಕೋತಿದ್ರಿ.”

“ಕರು ನಮ್ಮಿಂದ ಸಾಯ್ನಿಲ್ಲ ಕಣವ್ವ. ಸೊರ ಬುಟ್ಟು ಹಾಲಿಳಿಸ್ದಿದ್ರೆ ಕೆಚ್ಚಲು ಬಾತು ಹಸೂಗೇ ನೋವು.”

“ನಿಮ್ಮ ತಪ್ಪು ಅಂತ ನಾನಂದ್ನಾ? ನಂಗೆ ಕುಡಿಯಾಕೆ ಆಗಲ್ಲ ಅಂದೆ, ಅಷ್ಟೇ. ನೀವು ಕುಡೀರಿ, ನಾನ್ಯಾಕೆ ಬ್ಯಾಡ ಅನ್ಲಿ?”

ಮರುದಿನ ಬೆಳಿಗ್ಗೆ ನನ್ನ ಕಾಫಿಗೆಂದು ಯೋನಾಸ್ ಹಸುವಿನ ಹಾಲು ತಂದಿಟ್ಟಿದ್ದ. ವೀಗನ್ನರು ರೈತರನ್ನು ದ್ವೇಷಿಸುತ್ತಾರೆಂಬ ಮಾತೂ ನನ್ನ ಮೂಟೆಯಲ್ಲಿತ್ತು. ಅದನ್ನು ಬಿಚ್ಚಲು ಅವನು ಆಸ್ಪದವನ್ನೇ ಕೊಡಲಿಲ್ಲ. ನಾನು ಆ ಹಾಲಿನ ಕಾಫಿ ಕುಡಿದೆ. ಈಗಲೂ ಕುಡಿಯುತ್ತೇನೆ. ಹುಲ್ಲಿನ ಕರುವಿನ ವಿಷಯದಲ್ಲಿ ನಾನು ಅವಳ ಮಾತನ್ನು ಪೂರ್ತಿ ಒಪ್ಪಿದ್ದೇನೆಂದು ಯಾರೂ ಭಾವಿಸಬಾರದು.

ಸಾಂಬ್ರಾಣಿ ಹಾಕಿದ ದಿನ

ನಮ್ಮಲ್ಲಿ ಬಾಣಂತಿಯ ಕೋಣೆಗೆ ಗಾಳಿ ಹೊಗಗೊಡುವುದಿಲ್ಲ; ಕಿವಿಗೆ ಹತ್ತಿ, ತಲೆಗೆ ವಸ್ತ್ರ, ಕಾಲಿಗೆ ಕಾಲುಚೀಲ. ಅಲ್ಲಿ ಸರ್ಕಾರದ ವಿಮೆಯ ಖರ್ಚಿನಲ್ಲಿ ಮನೆಗೇ ಬರುವ ಸೂಲಗಿತ್ತಿ ಇದ್ದಾಳೆ. ಹೆಸರು ಉರ್ಸುಲಾ, ನನ್ನ ವಯಸ್ಸಿಗೆ ಹತ್ತಿರದವಳು, ಸೈಕಲ್ಲಿನಲ್ಲಿ ಬರುತ್ತಾಳೆ. ಬಂದವಳೇ ಮೊದಲು ಮಾಡುವ ಕೆಲಸ ಕಿಟಕಿಯನ್ನು ಹಾರುಹೊಡೆಯುವುದು. ಹೊರಗೆ ಹಲ್ಲು ಕಟಕಟಿಸುವ ಚಳಿ! ಗೌರಮ್ಮ ಮುಚ್ಚುವಳು, ಉರ್ಸುಲಾ ತೆರೆಯುವಳು. ಇಬ್ಬರಿಗೂ ಪರಸ್ಪರ ಭಾಷೆ ತಿಳಿಯದು, ಆದರೆ ಜಗಳಕ್ಕೆ ಅದೇನೂ ತೊಡಕಾಗಲಿಲ್ಲ.

ಮಗುವಿಗೆ ನೀರೆರೆದು ಗೌರಮ್ಮ ಸಾಂಬ್ರಾಣಿ ಹೊಗೆ ಹಾಕಿದ ದಿನ ಚಾವಣಿಯಲ್ಲಿದ್ದ ಯಂತ್ರ ಕಿವಿ ಹರಿಯುವಂತೆ ಅರಚತೊಡಗಿತು. ಹೊಗೆ ಕಂಡರೆ ಅರಚುವ ಯಂತ್ರವಂತೆ. ಕೆಳಮನೆಯ ಮುದುಕಿ ರಾತ್ರಿಯುಡುಪಿನಲ್ಲೇ ಓಡಿಬಂದಳು. ಯೋನಾಸ್ ಕುರ್ಚಿ ಹತ್ತಿ ಟವೆಲ್ ಬೀಸಿದ. ಮಗು ಮಾತ್ರ ನಿದ್ದೆ ಮಾಡಿತು. “ನಮ್ಮೂರ ಮಗಾ ಕಣ್ರೀ, ಹೊಗೇಗೆ ಹೆದ್ರಕ್ಕಿಲ್ಲ,” ಎಂದು ಗೌರಮ್ಮ ಜಂಬಪಟ್ಟಳು.

ಈ ಉರ್ಸುಲಾಳ ಮೇಲೆ ನನಗೆ ಮೊದಲು ಸಿಟ್ಟಿತ್ತು, ಆಮೇಲೆ ಗೌರವ ಹುಟ್ಟಿತು. ಬಾಣಂತಿಗೆ ಸೋಂಪು, ಜೀರಿಗೆಯ ಜಾತಿಯ ಕಾಳುಗಳನ್ನು ಕುದಿಸಿದ ಕಷಾಯವನ್ನು ಅವಳೇ ತಂದುಕೊಟ್ಟಳು. ಗೌರಮ್ಮ ಸಂತೆಯಲ್ಲಿ ಸಬ್ಬಸಿಗೆ ಸೊಪ್ಪು ಕಂಡು ಕುಣಿದಾಡಿ ಸಾರು ಮಾಡಿದಾಗ ಉರ್ಸುಲಾ ಲೋಟ ಹಿಡಿದು ಕುಡಿದಳು. ತೂಗುಬಟ್ಟೆಯಲ್ಲಿ ಮಗುವನ್ನು ತೂಗಿ, ತೂಕ ಚೆನ್ನಾಗಿ ಏರುತ್ತಿದೆ ಎಂದು ಹೆಬ್ಬೆರಳೆತ್ತಿದಳು. ತುಪ್ಪವಿಲ್ಲದೆ, ಹಾಲಿಲ್ಲದೆ ತಾಯಿಯೂ ಮಗುವೂ ಕಳೆಕಳೆಯಾಗಿದ್ದರು.

ಇದರಿಂದ ನನಗೆ ಸಂತೋಷವಾಗಬೇಕಿತ್ತು. ನನಗಾದದ್ದು ಮುಜುಗರ. ತವರಿನಿಂದ ಬಂದ ನಾನು ಆ ಮನೆಗೆ ಕೊಟ್ಟದ್ದಾದರೂ ಏನು? ತಂದ ತುಪ್ಪ ತೊಟ್ಟಿ ಸೇರಿತ್ತು. ಹೇಳಿದ ಬುದ್ಧಿಮಾತುಗಳೆಲ್ಲ ಸುಳ್ಳಾಗಿದ್ದವು. ಉಳಿದಿದ್ದುದು ಜೇನಿನ ಸೀಸೆಯೊಂದೇ.

ಭಾನುವಾರ ಮತ್ತು ಸೋಮವಾರ

ನಮ್ಮ ಮನೆತನದಲ್ಲಿ ಹುಟ್ಟಿದ ಮಗುವಿಗೆ ಮನೆಯ ಹಿರಿಯ ಗಂಡಸು ಬಂಗಾರದ ಉಂಗುರದ ತುದಿಯಿಂದ ಜೇನು ನೆಕ್ಕಿಸುವ ಪದ್ಧತಿಯಿದೆ. ನೆಕ್ಕಿಸಿದವರ ನಾಲಿಗೆಯ ಗುಣ ಮಗುವಿಗೆ ಬರುತ್ತದೆಂದು ನಂಬಿಕೆ. ನನಗೆ ನನ್ನ ತಾತ ನೆಕ್ಕಿಸಿದ್ದರು. ಸುಮಳಿಗೆ ನಾನೇ ನೆಕ್ಕಿಸಿದ್ದೆ.

ಅಲ್ಲಿ ಭಾನುವಾರವೆಂದರೆ ಬೀದಿಯೇ ಮೌನವ್ರತ ಹಿಡಿಯುತ್ತದೆ. ಅಂಗಡಿಗಳಿಲ್ಲ, ಯಾರೂ ಗೋಡೆಗೆ ಮೊಳೆ ಕೂಡ ಹೊಡೆಯುವಂತಿಲ್ಲ. ಆ ಮೌನದಲ್ಲಿ ಸುಮಳನ್ನು ಕೇಳಿದೆ.

“ಒಂದು ತೊಟ್ಟು ಜೇನು ನೆಕ್ಕಿಸ್ತೀನಿ ಕಣವ್ವ. ನಮ್ಮ ಮನೆ ಶಾಸ್ತ್ರ.”

“ಜೇನು ಬ್ಯಾಡ ಮಾವ.”

“ಉಂಗುರದ ತುದೀಲಿ, ಅಷ್ಟೇ.”

“ಬ್ಯಾಡ ಅಂದ್ರೆ ಬ್ಯಾಡ, ಸುಮ್ನಿರಿ!”

ಅವಳು ಹಿಂದಿನ ರಾತ್ರಿಯಿಡೀ ಎದ್ದಿದ್ದಳು. ಅಷ್ಟರಲ್ಲಿ ಮಗು ಅತ್ತಿತು. ಅವಳು ಆ ಕಡೆ ತಿರುಗಿದಳು. ಕಾರಣ ಹೇಳಲು ಅವಳಿಗೆ ಬಿಡುವಿರಲಿಲ್ಲ, ಕೇಳುವ ವ್ಯವಧಾನ ನನಗೂ ಇರಲಿಲ್ಲ. ನಾನು ಸಾಕಿದ ಹುಡುಗಿ ನನಗೆ ‘ಸುಮ್ನಿರಿ’ ಎಂದಳಲ್ಲ ಎಂಬುದೊಂದೇ ಕಿವಿಯಲ್ಲಿ ಉಳಿಯಿತು. ಜೇನು ಬೇಡವೆಂದರೆ ಜೇನುಹುಳುವಿನ ಮೇಲಣ ಕನಿಕರ, ಮತ್ತೇನು? ವೀಗನ್ ಎಂಬ ಮಾತೊಂದು ನನ್ನ ಬಳಿಯಿತ್ತು. ಆ ಮನೆಯಲ್ಲಿ ನನಗೆ ಒಗ್ಗದ ಎಲ್ಲವನ್ನೂ ಅದರ ತಲೆಗೆ ಕಟ್ಟುವ ರೂಢಿಯಾಗಿಬಿಟ್ಟಿತ್ತು. ತೆರೆದ ಕಿಟಕಿಗೂ ಅದೇ ಕಾರಣ, ಸಾಂಬ್ರಾಣಿ ನಿಂತದ್ದಕ್ಕೂ ಅದೇ ಕಾರಣ.

“ಹುಳುಗಳ ಮ್ಯಾಲಿರೋ ಪ್ರೀತಿ ತಾತನ ಮ್ಯಾಲಿಲ್ಲ,” ಎಂದು ಗೌರಮ್ಮನ ಬಳಿ ಗೊಣಗಿದೆ.

“ಹೆತ್ತೋಳು ಬ್ಯಾಡ ಅಂದ್ಮೇಲೆ ಬುಟ್ಬುಡಿ. ಎಲ್ಲಾದ್ಕೂ ಹಟ ನಿಮ್ದು.”

ಸೋಮವಾರ ಬೆಳಿಗ್ಗೆ ಯೋನಾಸ್ ಕೆಲಸಕ್ಕೆ ಹೋದ. ಸುಮ ಸ್ನಾನಕ್ಕೆ ಇಳಿದಳು, ಗೌರಮ್ಮ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದಳು. ನಾನು ಸೀಸೆಯನ್ನು ತೆರೆದು, ಬೆರಳಿನಲ್ಲಿದ್ದ ಉಂಗುರವನ್ನು ಅದ್ದಿ, ತೊಟ್ಟಿಲಿನ ಮೇಲೆ ಬಾಗಿ ಮಗುವಿನ ತುಟಿಗೆ ತಾಗಿಸಿದೆ. ಮಗು ನಾಲಿಗೆ ಚಾಚಿ ಚಪ್ಪರಿಸಿತು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಅದನ್ನು ನೆನೆದರೆ ಈಗ ಮೈ ಹಿಡಿಯಾಗುತ್ತದೆ.

ಅಷ್ಟರಲ್ಲಿ ಉರ್ಸುಲಾ ಬಂದಳು. ಮಗುವನ್ನು ಎತ್ತಿಕೊಂಡವಳು ಅದರ ಗದ್ದದ ಮೇಲಿನ ಹೊಳಪನ್ನು ಬೆರಳಿನಿಂದ ತೆಗೆದು ಮೂಸಿದಳು. ಅವಳ ಮುಖ ಬದಲಾದದ್ದನ್ನು ಕಂಡೆ. ಅವಳು ಒಂದೇ ಮಾತು ಹೇಳಿದಳು, ಒದ್ದೆ ತಲೆಯಲ್ಲಿ ಹೊರಬಂದ ಸುಮ ಅದನ್ನು ಕೇಳಿ ಮಗುವಿನತ್ತ ಓಡಿದಳು.

“ಮಗೀಗೆ ಜೇನು ಕೊಟ್ರಾ? ಯಾರು? ಅತ್ತೆ... ನೀವಾ?”

ಮಗುವನ್ನು ದಿನವೂ ಮುಟ್ಟಿ ಎತ್ತಿ ಆಡಿಸುತ್ತಿದ್ದವಳು ಗೌರಮ್ಮನೇ ಆದ್ದರಿಂದ ಆ ಪ್ರಶ್ನೆ ಅವಳಿಗೆ ಹೋಯಿತು. ಗೌರಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದಿದ್ದಳು. ನನ್ನ ಮುಖ ನೋಡಿದಳು. ನನ್ನ ಬೆರಳನ್ನು ನೋಡಿದಳು.

“ನಾನೇ ಕಣವ್ವ,” ಎಂದಳು. “ಗೊತ್ತಾಗ್ನಿಲ್ಲ.”

ನಾನು ಆ ಬೆರಳನ್ನು ಮಡಚಿ ಅಂಗೈಯೊಳಗೆ ಸೇರಿಸಿದೆ.

ಮಕ್ಕಳ ಆಸ್ಪತ್ರೆ

ಉರ್ಸುಲಾಳೇ ಟ್ಯಾಕ್ಸಿ ಕರೆಸಿ ನಮ್ಮೊಡನೆ ಬಂದಳು. ದಾರಿಯಲ್ಲಿ ಸುಮ ಮಗುವನ್ನು ಎದೆಗವಚಿಕೊಂಡು ವಿವರಿಸಿದಳು. ಜೇನಿನಲ್ಲಿ ಒಂದು ಬಗೆಯ ರೋಗಾಣುವಿನ ಬೀಜ ಇರಬಹುದು. ದೊಡ್ಡವರ ಹೊಟ್ಟೆ ಅದನ್ನು ತಡೆಯುತ್ತದೆ. ವರ್ಷ ತುಂಬದ ಮಗುವಿನ ಹೊಟ್ಟೆಯಲ್ಲಿ ಅದು ಮೊಳೆತು ವಿಷವಾದರೆ ಕೈಕಾಲು ಸೋಲುತ್ತದೆ, ಚೀಪಲಾಗುವುದಿಲ್ಲ, ಉಸಿರಿಗೂ ತೊಂದರೆಯಾಗಬಹುದು. ಆಗುವುದು ಅಪರೂಪ, ಆದರೆ ಆಗುತ್ತದೆ.

“ನಾನು... ನಿನ್ನ ವೀಗನ್ ಪಥ್ಯ ಅಂದ್ಕೊಂಡೆ ಕಣವ್ವ,” ಎಂಬ ಮಾತು ನನ್ನ ಬಾಯಿಂದ ಬಂತು. ತಪ್ಪೊಪ್ಪಿಗೆಯಾಗಬೇಕಿದ್ದ ಮಾತು ಬರೀ ಅಭಿಪ್ರಾಯದಂತೆ ಹೊರಬಿತ್ತು.

ಸುಮ ಮುಂದಿನ ಸೀಟಿನ ಕಡೆ ಕೈ ತೋರಿಸಿದಳು. “ಉರ್ಸುಲಾ ಹಂದಿ ತಿಂತಾರೆ ಮಾವ. ದಿನಾ ಹಾಲ್ ಕುಡೀತಾರೆ. ಅವ್ರೂ ಮಗೀಗೆ ಜೇನ್ ಕೊಡಲ್ಲ. ನಮ್ಮ ಹುಣಸೂರು ಆಸ್ಪತ್ರೇಲಿ ಕೇಳಿದ್ರೂ ಬ್ಯಾಡ ಅಂತಾರೆ. ಇದಕ್ಕೂ ನನ್ನ ಊಟಕ್ಕೂ ಏನ್ ಸಂಬಂಧ?”

ಗೌರಮ್ಮ ಮಡಿಲಲ್ಲಿ ಕೈ ಜೋಡಿಸಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಒಗ್ಗರಣೆಯ ವಾಸನೆ ಅವಳ ಸೀರೆಯಲ್ಲಿತ್ತು. ಅವಳ ಪಕ್ಕದಲ್ಲೇ ಕುಳಿತು, ಊರಿನಲ್ಲಿ ಯಾರು ನನಗೆ ಯಾವಾಗ ಏನೆಂದರೆಂಬುದನ್ನು ಪಾಠ ಒಪ್ಪಿಸುವಂತೆ ಒಪ್ಪಿಸಬಲ್ಲ ನಾನು, ‘ನಾನು ಕೊಟ್ಟೆ’ ಎಂಬ ಎರಡು ಪದಗಳನ್ನು ಹುಡುಕುತ್ತಿದ್ದೆ.

ವೈದ್ಯರು ಗಡ್ಡಬಿಟ್ಟ ಯುವಕ. ಮಗುವಿನ ಕಣ್ಣು, ಕತ್ತು, ಹಿಡಿತ ನೋಡಿದರು. ಆಮೇಲೆ ಪ್ರಶ್ನೆಗಳು: ಯಾವಾಗ ಕೊಟ್ಟದ್ದು? ಎಷ್ಟು? ಅಂಗಡಿಯದೋ, ಕಾಡಿನದೋ? ಸುಮ ಅವುಗಳನ್ನು ಒಂದೊಂದಾಗಿ ಕನ್ನಡಕ್ಕೆ ತಂದು ಗೌರಮ್ಮನ ಮುಂದಿಟ್ಟಳು.

“ಎಷ್ಟ್ ಕೊಟ್ರಿ ಅತ್ತೆ?”

ಗೌರಮ್ಮನಿಗೆ ಹೇಗೆ ಗೊತ್ತಿರಬೇಕು? “ಒಂದ್... ಒಂದ್ ಚಮಚ ಇರ್ಬೋದು,” ಎಂದಳು.

ಅದನ್ನು ಕೇಳಿ ವೈದ್ಯರ ಹುಬ್ಬು ಮೇಲೇರಿತು. ಅವರು ಪಕ್ಕದ ಫೋನನ್ನು ಕೈಗೆತ್ತಿಕೊಂಡರು. ಇನ್ನು ನಾನು ಸುಮ್ಮನಿದ್ದರೆ ಆ ಸುಳ್ಳಿನ ಮೇಲೆ ಮಗುವಿಗೆ ಏನೇನು ಚಿಕಿತ್ಸೆ ನಡೆಯುವುದೋ!

“ಅವಳಲ್ಲ,” ಎಂದೆ. “ನಾನು. ಉಂಗುರದ ತುದಿಯಲ್ಲಿ ಅಂಟಿದಷ್ಟು. ನೀನು ಸ್ನಾನಕ್ಕೆ ಹೋದಾಗ. ಕಾಡಿನ ಜೇನು.”

ಸುಮ ನನ್ನನ್ನು ನೋಡಿದಳು. ವೈದ್ಯರು ಅವಳ ಅನುವಾದಕ್ಕೆ ಕಾಯುತ್ತಿದ್ದರು. ಸಾಕಿದ ಮಾವ ಮಾಡಿದ್ದನ್ನೂ, ಅದನ್ನು ಹೆಂಡತಿಯ ಸೆರಗಿನ ಹಿಂದೆ ಬಚ್ಚಿಟ್ಟದ್ದನ್ನೂ ಅವಳು ತನ್ನ ಬಾಯಿಂದ ಅನ್ಯರ ಭಾಷೆಯಲ್ಲಿ ಹೇಳಬೇಕಾಯಿತು. ನನಗೆ ಜರ್ಮನ್ ಬಾರದು. ಆದರೆ ಯಾವ ಪದವನ್ನು ಅವಳು ಎರಡು ಸಲ ಹೇಳಬೇಕಾಯಿತು ಎಂಬುದು ತಿಳಿಯಿತು. ಉರ್ಸುಲಾ ಗೌರಮ್ಮನ ಭುಜದ ಮೇಲೆ ಕೈಯಿಟ್ಟಳು. ನನ್ನತ್ತ ಯಾರೂ ನೋಡಲಿಲ್ಲ.

ವೈದ್ಯರು ಫೋನನ್ನು ಕೆಳಗಿಟ್ಟರು. ಅಷ್ಟು ಅಲ್ಪಕ್ಕೆ ಏನೂ ಆಗದಿರುವ ಸಂಭವವೇ ಹೆಚ್ಚು, ಆದರೆ ಖಚಿತವಾಗಿ ಹೇಳಲಾರೆ ಎಂದರಂತೆ. ಈಗ ಕೊಡಬೇಕಾದ ಔಷಧವಿಲ್ಲ. ಕೆಲವು ವಾರ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು: ಮಗು ಚೆನ್ನಾಗಿ ಚೀಪುತ್ತಿದೆಯೇ, ಅಳುವಿನಲ್ಲಿ ಬಲವಿದೆಯೇ, ಕತ್ತು ಜೋಲುತ್ತಿದೆಯೇ, ಮಲ ಕಟ್ಟಿದೆಯೇ. ಏನಾದರೂ ಕಂಡರೆ ಕೂಡಲೇ ಕರೆತರಬೇಕು.

ಯೋನಾಸ್ ಹೆಂಚಿನ ದೂಳು ಮೆತ್ತಿದ ಬಟ್ಟೆಯಲ್ಲೇ ಓಡಿಬಂದ. ಸುಮ ಅವನನ್ನು ಮೂಲೆಗೆ ಕರೆದು ಹೇಳಿದಳು. ಅವನು ಮಗುವಿನ ಮೇಲೆ ಬಾಗಿ ಅದರ ಉಸಿರನ್ನು ಕೇಳಿಸಿಕೊಂಡ. ಆಮೇಲೆ ನನ್ನೆದುರಿಗೆ ಬಂದ. ಹೊಡೆದರೂ ತಾಳಿಕೊಳ್ಳಲು ನಾನು ಸಿದ್ಧನಾಗಿದ್ದೆ. ಅವನ ಬಳಿ ಕನ್ನಡ ಇದ್ದದ್ದೇ ಅಷ್ಟು.

“ಮಾವ,” ಎಂದ, “ಊಟ ಆಯ್ತಾ?”

ಕಾಯುವ ದಿನಗಳು

ಆ ರಾತ್ರಿ ಗೌರಮ್ಮನನ್ನು ಕೇಳಿದೆ: “ಯಾಕೆ ನಿನ್ನ ಮ್ಯಾಲೆ ಹಾಕ್ಕೊಂಡೆ?”

“ಸುಮಂಗೆ ತವ್ರು ಅಂದ್ರೆ ನೀವೊಬ್ರೇ. ನನ್ನ ಬೋದ್ರೆ ಬೋಯ್ಕಳ್ಳಿ ಅಂತ.” ಹೊದಿಕೆ ಎಳೆದುಕೊಳ್ಳುತ್ತಾ ಹೇಳಿದಳು: “ಕಾರಲ್ಲಿ ಕುಂತಾಗ್ಲಾದ್ರೂ ಹೇಳ್ತೀರಿ ಅಂದ್ಕೊಂಡಿದ್ದೆ.”

ಈ ಬರಹ ಅದಕ್ಕೆ ಉತ್ತರವಲ್ಲ.

ಮುಂದಿನ ವಾರಗಳಲ್ಲಿ ಆ ಊರಿನಲ್ಲಿ ನಾನು ಏನು ನೋಡಿದೆನೆಂದರೆ, ಮಗುವನ್ನು ನೋಡಿದೆ. ಯೋನಾಸ್ ಬೆಟ್ಟ ತೋ‌ರಿಸುತ್ತೇನೆಂದು ಕರೆದ, ಹೋಗಲಿಲ್ಲ. ನನ್ನ ಮಕ್ಕಳು ಹಸುಳೆಗಳಾಗಿದ್ದಾಗ ಅವರ ಬಟ್ಟೆ ಒದ್ದೆಯಾದರೆ ಹೆಂಗಸರನ್ನು ಕೂಗುತ್ತಿದ್ದ ನಾನು, ಅಲ್ಲಿ ಪ್ರತಿ ಸಲ ಡಯಾಪರ್ ಬಿಚ್ಚುವಾಗಲೂ ಬಾಗಿಲಲ್ಲಿ ನಿಂತು ‘ಆಯ್ತಾ?’ ಎಂದು ಕೇಳುತ್ತಿದ್ದೆ. ಆಯಿತೆಂದರೆ ಕೈಮುಗಿಯುತ್ತಿದ್ದೆ. ಮಗುವಿನ ಅಳು ಮೊದಲು ನನ್ನ ನಿದ್ದೆಗೆಡಿಸುತ್ತಿತ್ತು. ಈಗ ಅಳದಿದ್ದರೆ ಎದ್ದು ಕೂರುತ್ತಿದ್ದೆ. ಜೋರಾಗಿ ಅತ್ತರೆ ಮತ್ತೆ ಮಲಗುತ್ತಿದ್ದೆ. ಉರ್ಸುಲಾ ಬಂದು ಕಿಟಕಿ ತೆರೆದಾಗ ಗೌರಮ್ಮ ಈಗ ಮುಚ್ಚುತ್ತಿರಲಿಲ್ಲ.

ಸುಮ ನನಗೆ ಒಂದು ಕಟುಮಾತನ್ನೂ ಆಡಲಿಲ್ಲ. ‘ಮಾವ, ಕಾಫಿ’, ‘ಮಾವ, ಸ್ವೆಟರ್ ಹಾಕ್ಕೊಳಿ’ ಎಲ್ಲವೂ ಮೊದಲಿನಂತೆಯೇ. ಆದರೆ ನಾನು ತೊಟ್ಟಿಲಿನ ಕೋಣೆಗೆ ಹೋದರೆ, ಬಟ್ಟೆ ಮಡಿಸುವ ನೆಪದಲ್ಲೋ ನೀರು ಕುಡಿಯುವ ನೆಪದಲ್ಲೋ ಯಾರಾದರೊಬ್ಬರು ಹಿಂದೆಯೇ ಬರುತ್ತಿದ್ದರು. ಅವರಿಗೆ ಹೋಗಬೇಕಾಗಿ ಬಂದರೆ ಬಾಗಿಲನ್ನು ಪೂರ್ತಿ ತೆರೆದಿಟ್ಟು ಹೋಗುತ್ತಿದ್ದರು. ಬೇರೆ ಯಾರೇ ಆಗಲಿ ನನ್ನನ್ನು ಹೀಗೆ ಕಾವಲು ಕಾದಿದ್ದರೆ ಆ ಮನೆಯ ನೀರನ್ನೂ ಮುಟ್ಟದೆ ಎದ್ದು ಬರುತ್ತಿದ್ದೆ. ಅಲ್ಲಿ ನನಗೆ ಕೋಪ ಬರಲಿಲ್ಲ. ಬಾಗಿಲು ಅರ್ಧ ಮುಚ್ಚಿದ್ದರೆ ನಾನೇ ಎದ್ದು ಪೂರ್ತಿ ತೆರೆಯುತ್ತಿದ್ದೆ.

ವೈದ್ಯರು ಹೇಳಿದ ಅವಧಿ ಮುಗಿಯಿತು. ಉರ್ಸುಲಾ ಮಗುವನ್ನು ಕೊನೆಯ ಸಲ ತೂಗಿ, ಕತ್ತನ್ನೂ ಹಿಡಿತವನ್ನೂ ನೋಡಿ, ಏನೂ ಆಗಿಲ್ಲವೆಂದಳು. ನಾನು ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿ ಬಹಳ ಹೊತ್ತು ನಿಂತಿದ್ದೆ.

ನಾವು ಹೊರಡುವ ಹಿಂದಿನ ದಿನ ಸುಮ ಚಪ್ಪಲಿ ಮೆಟ್ಟುತ್ತಾ, “ಅತ್ತೇನ ಸಂತೆಗೆ ಕರ್ಕೊಂಡ್ ಹೋಗ್ಬತ್ತೀನಿ ಮಾವ,” ಎಂದಳು. “ಪಾಪು ಮಲಗೈತೆ. ಎದ್ರೆ ಎತ್ಕೊಳಿ.”

“ಯೋನಾಸ್?”

“ಕೆಲ್ಸಕ್ಕೆ ಹೋದ್ರಲ್ಲ. ನೀವಿದ್ದೀರಲ್ಲ.”

ಬಾಗಿಲು ಮುಚ್ಚಿತು. ಮನೆಯಲ್ಲಿ ನಾನು ಮತ್ತು ಮಗು. ತೊಟ್ಟಿಲಿನಿಂದ ದೂರಕ್ಕೆ ಕುರ್ಚಿ ಹಾಕಿಕೊಂಡು ಕುಳಿತೆ. ಮಗು ಎದ್ದಿತು, ಮೊದಲು ಮುಲುಗಿತು, ಆಮೇಲೆ ಕೆಳಮನೆಗೆ ಕೇಳುವಂತೆ ಅತ್ತಿತು. ಬಲವಾದ ಅಳು. ಕೇಳುತ್ತಲೇ ಇರೋಣವೆನಿಸುವಂಥದು. ಎರಡು ಸಲ ಕೈ ತೊಳೆದುಕೊಂಡು ಬಂದು ಎತ್ತಿಕೊಂಡೆ.

ಹಸಿದ ಮಗು ಮುಖವನ್ನು ಅತ್ತಿತ್ತ ತಿರುಗಿಸಿ, ಶಾಲಿನ ಮೇಲಿದ್ದ ನನ್ನ ಬೆರಳನ್ನು ತುಟಿಯಿಂದ ಹುಡುಕಿತು. ಬೆರಳು ಬಾಯಿಗೆ ಸಿಕ್ಕುವ ಮೊದಲೇ ಥಟ್ಟನೆ ಮುಷ್ಟಿ ಬಿಗಿದೆ. ಮಗು ಮುಷ್ಟಿಯನ್ನೇ ತಡಕಿತು, ಸಿಟ್ಟಾಗಿ ಇನ್ನಷ್ಟು ಜೋರಾಗಿ ಅತ್ತಿತು. ನಾನು ಅದನ್ನು ಮೊಣಕೈ ಮಡಿಕೆಯಲ್ಲಿಟ್ಟುಕೊಂಡು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆದೆ.

ಸುಮ ಬಂದಾಗಲೂ ಹಾಗೆಯೇ ನಡೆಯುತ್ತಿದ್ದೆ. ಅವಳು ಚೀಲ ಕೆಳಗಿಟ್ಟು ನೋಡಿದಳು.

“ಯಾಕ್ ಮಾವ, ಕೈ ಹಂಗ್ ಮುಷ್ಟಿ ಕಟ್ಕೊಂಡಿದ್ದೀರಿ?”

ಅವಳು ಉತ್ತರಕ್ಕೆ ಕಾಯಲಿಲ್ಲ. ಹತ್ತಿರ ಬಂದು ಮಗುವಿನ ತಲೆಯ ಮೇಲಿನ ಶಾಲನ್ನು ಸರಿಪಡಿಸಿದಳು. “ಕೈ ತೊಳ್ಕೊಂಡ್ ಬತ್ತೀನಿ, ಒಂದ್ ಗಳಿಗೆ ಹಿಡ್ಕೊಂಡಿರಿ,” ಎಂದು ಮಗುವನ್ನು ನನ್ನ ಬಳಿಯೇ ಬಿಟ್ಟು ಒಳಗೆ ಹೋದಳು.